ಕೆಂಪು ಬಟ್ಟೆ ಕಟ್ಟಿದ ದಫ್ತರ

ದಸರಾ ರಜೆ ಮುಗಿದು ಶಾಲೆಗಳು ತೆರೆದ ದಿನ, 21-10-2024ರ ಸೋಮವಾರ, ಗಜೇಂದ್ರಗಡ ಪೊಲೀಸ್ ಠಾಣೆಗೆ ಬಂದ ಮೊದಲ ದೂರು ಬೆಂಕಿಯದು. ತಂದವರು ಹಿರೇಬಾವಿ ವಿದ್ಯಾ ಸಮಿತಿಯ ಅಧ್ಯಕ್ಷ ಸಂಗನಬಸವ. ಪೇಟೆಯಲ್ಲಿ ಅಜ್ಜನ ಕಾಲದ ಬಟ್ಟೆ ಅಂಗಡಿ, ಊರಲ್ಲಿ ತೂಕದ ಮಾತು. ಅಂದು ಮಾತ್ರ ಮಾತಿಗೆ ತೂಕವೂ ಇರಲಿಲ್ಲ, ಅಂಗಿಗೆ ಬಿಳುಪೂ ಇರಲಿಲ್ಲ.

“ನಮ್ಮ ಸಾಲಿ ದಫ್ತರ ಖೋಲಿಗೆ ಬೆಂಕಿ ಹಚ್ಚ್ಯಾರ್ರಿ ಮೇಡಂ. ಯಾಂವೋ ಹಾಳಾದಾಂವ ಹಚ್ಚ್ಯಾನ.”

ಪಿಎಸ್‌ಐ ಸುವರ್ಣಾ ಎದುರಿನ ಕುರ್ಚಿ ತೋರಿಸಿದರು. “ಕೂಡ್ರಿ. ಹಚ್ಚ್ಯಾನ ಅಂತ ಹ್ಯಾಂಗ ಹೇಳ್ತೀರಿ? ಕರೆಂಟಿಂದನೂ ಹತ್ತಿರಬಹುದು.”

“ರಜಾ ಬಿಟ್ಟಾಗಿಂದ ಮೇನ್ ಸ್ವಿಚ್ ಆಫ್ ಐತ್ರಿ. ಖೋಲಿಗೆ ಕೀಲಿ ಹಾಕಿತ್ತು. ಕೀಲಿಕೈ ನಮ್ಮ ಮನ್ಯಾಗ ದೇವರ ಮುಂದಿತ್ತು. ಬೆಂಕಿ ಏನ ತಾನ ನಡಕೊಂಡು ಬಂತೇನ್ರಿ?”

“ಸಾಲಿ ಕೀಲಿಕೈ ನಿಮ್ಮ ದೇವರ ಮುಂದ ಯಾಕ?”

“ದಸರಾದ ಖಂಡೇ ಪೂಜಾ ಆದ ಮ್ಯಾಲೆ ಆ ಖೋಲಿ ಮುಟ್ಟೂದಿಲ್ರಿ. ಸಾಲಿ ತೆಗೆಯೋ ದಿನ ನಾನ ಹೋಗಿ ಕಾಯಿ ಒಡದು ತೆಗೀಬೇಕು. ಅಜ್ಜನ ಕಾಲದಿಂದ ನಡಕೊಂಡು ಬಂದದ್ದು.”

ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿದಾಗ ಸಂಗನಬಸವ ನೆಲ ನೋಡಿದರು. ಸಿಪಾಯಿ ದ್ಯಾವಪ್ಪನ ಎರಡೂ ಕೈ ಸುಟ್ಟಿವೆ, ರೋಣದ ತಾಲೂಕು ಆಸ್ಪತ್ರೆಗೆ ಕಳಿಸಿದ್ದೇವೆ ಎಂದರು. ಹಾರೆಯಿಂದ ಬಾಗಿಲು ಒಡೆದು ಹೊಗೆಯೊಳಗೆ ನುಗ್ಗಿದವನು ಅವನೊಬ್ಬನೇ. ದೂರನ್ನು ಬರೆಸಿಕೊಂಡು ಭಾರತೀಯ ನ್ಯಾಯ ಸಂಹಿತೆಯ ಕಲಂ 326ರ ಅಡಿ ಎಫ್‌ಐಆರ್ ದಾಖಲಿಸಲಾಯಿತು. ಆರೋಪಿ ಅಪರಿಚಿತ.

ಹೆಡ್ ಕಾನ್‌ಸ್ಟೆಬಲ್ ಕನಕರಾಜ, ಕಾನ್‌ಸ್ಟೆಬಲ್ ಯಾಸ್ಮಿನ ಜೊತೆಗೂಡಿ ಸುವರ್ಣಾ ಶಾಲೆಗೆ ಬಂದಾಗ ರೋಣದಿಂದ ಬಂದ ಅಗ್ನಿಶಾಮಕ ವಾಹನ ಪೈಪು ಸುತ್ತುತ್ತಿತ್ತು. ಗುಡ್ಡದ ಬುಡದ ಹಳೆಯ ಕಲ್ಲಿನ ಕಟ್ಟಡ. ಮಕ್ಕಳನ್ನು ಮನೆಗೆ ಕಳಿಸಿದ್ದರು. ಮುಖ್ಯಾಧ್ಯಾಪಕಿ ಕವಿತಾ ಬಾಗಿಲ ಬಳಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಪಡಸಾಲೆಯ ಮೆಟ್ಟಿಲ ಮೇಲೆ ಶಾಲೆಯ ಕ್ಲಾರ್ಕ್ ಪ್ರಭುಲಿಂಗಪ್ಪ ಕುಳಿತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ ಅಂದು ಹತ್ತು ವರ್ಷ ಹೆಚ್ಚು ಮುದುಕರಾಗಿ ಕಾಣುತ್ತಿದ್ದರು.

ಬೇವಿನ ಗಿಡದ ಕೆಳಗೆ ಒಬ್ಬ ಹುಡುಗಿ ಪ್ಲಾಸ್ಟಿಕ್ ಫೈಲು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ಆಕಿ ಯಾರು?” ಸುವರ್ಣಾ ಕೇಳಿದರು.

“ಗೌತಮಿ ಅಂತ್ರಿ, ದ್ಯಾವಪ್ಪನ ಮಗಳು,” ಎಂದರು ಕವಿತಾ. “ನಮ್ಮ ಸಾಲ್ಯಾಗ ಕಲತಾಕಿ. ಸರಕಾರಿ ದವಾಖಾನಿ ನರ್ಸ್ ಅಂತ ಆಯ್ಕೆ ಆಗ್ಯಾಳ್ರಿ. ಇಪ್ಪತ್ತೆಂಟಕ್ಕ ಬೆಂಗಳೂರಾಗ ದಾಖಲೆ ಪರಿಶೀಲನಾ. ಕನ್ನಡ ಮಾಧ್ಯಮದಾಗ ಓದ್ಯಾಳ ಅಂತ ನಾವು ಪ್ರಮಾಣ ಪತ್ರ ಕೊಡಬೇಕಿತ್ತು. ಪತ್ರ ಬಂದಾಗ ರಜಾ ಇತ್ತು. ಪೂಜಿ ಮಾಡಿದ ಖೋಲಿ ಹ್ಯಾಂಗ ತೆಗೀಬೇಕ್ರಿ? ಸಾಲಿ ತೆಗದ ದಿನ ಬಾ ಅಂದಿದ್ವಿ.”

“ಈಗ ಕೊಡ್ರಿ ಮತ್ತ.”

“ಏನ ನೋಡಿ ಕೊಡ್ಲಿರಿ?” ಕವಿತಾ ಸುಟ್ಟ ಖೋಲಿಯತ್ತ ಕೈ ಮಾಡಿದರು. “ಈಗಿನ ಮಕ್ಕಳದೆಲ್ಲಾ ಕಂಪ್ಯೂಟರಿನ್ಯಾಗ ಐತಿ. ಆಕಿ ಕಾಲದ್ದು ರಜಿಸ್ಟರಿನ್ಯಾಗ ಮಾತ್ರ. ರಜಿಸ್ಟರ್ ನಂಬರ್ ಇಲ್ಲದ ಬರದ್ರ ಬಿಇಓ ಸಹಿ ಮಾಡೂದಿಲ್ರಿ.”

ಸುವರ್ಣಾ ಹುಡುಗಿಯ ಕಡೆ ಇನ್ನೊಮ್ಮೆ ನೋಡಿದರು. ತಂದೆ ಆಸ್ಪತ್ರೆಯಲ್ಲಿ, ತಾನು ಇಲ್ಲಿ. ಹೋಗಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದಳು. ಯಾಸ್ಮಿನ ಹೋಗಿ ಭುಜ ಹಿಡಿದು ರೋಣದ ಬಸ್ಸು ಹತ್ತಿಸಿ ಬಂದಳು.

ಪಂಚರನ್ನು ಕರೆಸಿ ಪಂಚನಾಮೆ ಆರಂಭಿಸಿದರು. ಖೋಲಿಯ ನೆಲದಲ್ಲಿ ಪಾದ ಮುಳುಗುವಷ್ಟು ಕರಿ ಕೆಸರು. ಎಲ್ಲಕ್ಕಿಂತ ಹೆಚ್ಚು ಸುಟ್ಟಿದ್ದು ಹಿಂದಿನ ಗೋಡೆಯ ಕಿಟಕಿಯ ಕೆಳಗಿನ ಮೂಲೆ. ಅಲ್ಲಿ ಒಂದು ಮೇಜಿನ ಕಾಲುಗಳು, ಒಡೆದ ಗಾಜಿನ ಚೂರು, ಹಿತ್ತಾಳೆಯ ದೀಪದ ಸಮೆ, ಮತ್ತೆ ಬರೀ ಬೂದಿ. ಹೊರಗೆ ಕಿಟಕಿಯ ಕೆಳಗೆ ಯಾಸ್ಮಿನಳಿಗೆ ಊದಬತ್ತಿಯ ಖಾಲಿ ಪೊಟ್ಟಣ, ಅರ್ಧ ಉರಿದ ಕಡ್ಡಿಗಳು ಸಿಕ್ಕವು.

“ಕಟ್ಟು ಪೂರಾ ಹಚ್ಚಿ ಸರಳಿನ ಸಂದಿಯೊಳಗಿಂದ ತುರುಕ್ಯಾರ್ರಿ ಮೇಡಂ.”

“ದೇವರಿಗೆ ಬೆಳಗೋ ಊದಬತ್ತಿಲೆ ಈ ಕೆಲಸಾ!” ಎಂದು ಕನಕರಾಜ ಕಿವಿ ಮುಟ್ಟಿಕೊಂಡ. ಅವನಿಗೆ ಎಲ್ಲದರಲ್ಲೂ ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು.

ಆ ಮೂಲೆಯಲ್ಲಿ ಏನಿತ್ತು ಎಂದು ಸುವರ್ಣಾ ಕೇಳಿದರು.

“ಸರಸ್ವತಿ ಫೋಟೋ ಇಟ್ಟಿದ್ವಿರಿ. ಬಾಳೆಕಂಬ, ಬಣ್ಣದ ಹಾಳಿ, ಎಣ್ಣಿ ಬಾಟ್ಲಿ, ಎಲ್ಲಾ ಅಲ್ಲೇ.”

“ಫೋಟೋ ಮೇಜಿನ ಮ್ಯಾಲಿತ್ತಾ?”

ಕವಿತಾ ತಡವರಿಸಿದರು. “ಮೇಜಿನ ಮ್ಯಾಲೆ ರಜಿಸ್ಟರ್ ಹೊಂದಿಸಿ, ಅದರ ಮ್ಯಾಲೆ ಫೋಟೋ ಇಟ್ಟಿದ್ವಿ. ದೊಡ್ಡ ಪುಸ್ತಕ, ಹಳೇ ಪುಸ್ತಕ... ಅವನ್ನ ದೇವರ ಹತ್ರ ಇಡೂದು ಪದ್ಧತಿ ಅಲ್ರಿ.”

ಹಾಗಾದರೆ ಬೆಂಕಿ ಬಿದ್ದಿದ್ದು ನೇರವಾಗಿ ರಜಿಸ್ಟರುಗಳ ಮೇಲೆ. ಯಾಸ್ಮಿನ ಬರೆದುಕೊಂಡಳು. ಹುಡುಕಿ ಹುಡುಕಿ ಅದನ್ನೇ ಸುಟ್ಟಿದ್ದಾನೆ ಎಂದ ಕನಕರಾಜ. ಸುವರ್ಣಾರಿಗೂ ಆಗ ಹಾಗೇ ಅನ್ನಿಸಿತು.

ಪಡಸಾಲೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿತ್ತು. ದುಂಡಗಿನ ಅಕ್ಷರ. ಬೆಂಕಿ, ನೀರು, ಗೆದ್ದಲು ಬಂದಾಗ ದಫ್ತರ ಉಳಿಸುವ ಕ್ರಮ ಎಂದು ತಲೆಬರಹ. ರಜಿಸ್ಟರುಗಳಿರುವ ಕೆಂಪು ಬಟ್ಟೆಯ ಗಂಟುಗಳನ್ನು ಮೊದಲು ಹೊರಗೆ ತರತಕ್ಕದ್ದು, ಅವು ಬಾಗಿಲ ಪಕ್ಕದ ಕಪಾಟಿನಲ್ಲಿರತಕ್ಕದ್ದು. ಬಿಳಿ ಬಟ್ಟೆಯವು ಹಿಂದಿನ ಕಿಟಕಿಯ ಮೂಲೆಯಲ್ಲಿ, ಅವು ಹೋದರೂ ಚಿಂತೆಯಿಲ್ಲ. ಎರಡನೆಯ ಕೀಲಿಕೈ ಮುಖ್ಯಾಧ್ಯಾಪಕರ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ. ಎಲ್ಲ ರಜಿಸ್ಟರಿನ ನಕಲು ರೋಣದಲ್ಲಿ ಒಂದು ಸೆಟ್ ಇಡತಕ್ಕದ್ದು. ಈ ಕೊನೆಯ ಸಾಲಿನ ಮುಂದೆ ಪೆನ್ಸಿಲಿನಲ್ಲಿ ‘ಬಾಕಿ’ ಎಂದಿತ್ತು. ಪೆನ್ಸಿಲು ಮಾಸಿತ್ತು.

“ಯಾರು ಬರದದ್ದು?”

“ನಮ್ಮ ಪ್ರಭುಲಿಂಗಪ್ಪ ಸರ್ ರ‍್ರಿ,” ಎಂದರು ಕವಿತಾ. “ದಫ್ತರ ಅಂದ್ರ ಅವರಿಗೆ ಜೀವ.”

ದ್ಯಾವಪ್ಪ ಹೊತ್ತು ತಂದ ಗಂಟುಗಳು ಅಂಗಳದಲ್ಲಿ ಸಾಲಾಗಿದ್ದವು. ಎಲ್ಲಕ್ಕೂ ಹೊಸ ಕೆಂಪು ಬಟ್ಟೆ. ಸುವರ್ಣಾರಿಗೆ ಸ್ವಲ್ಪ ಜೀವ ಬಂತು. ಮೇಜಿಗೆ ಹೋಗದ ರಜಿಸ್ಟರು ಒಂದಾದರೂ ಕೆಂಪು ಗಂಟಿನಲ್ಲಿ ಉಳಿದಿದ್ದರೆ ಆ ಹುಡುಗಿಯ ಕೆಲಸವೂ ಉಳಿದೀತು ಎಂದುಕೊಂಡು ಪಂಚರೆದುರು ಬಿಚ್ಚಿಸಿದರು. ಮೊದಲ ಗಂಟಿನಲ್ಲಿ ಕರೆಂಟ್ ಬಿಲ್ಲು. ಎರಡನೆಯದರಲ್ಲಿ ಬಿಸಿಯೂಟದ ತರಕಾರಿ ಚೀಟಿ. ಆಮೇಲಿನದರಲ್ಲಿ ಯಾವುದೋ ಕಾಲದ ಕ್ರೀಡಾಕೂಟದ ಕರಪತ್ರ. ಒಂದರಲ್ಲೂ ರಜಿಸ್ಟರಿನ ಹಾಳೆಯಿರಲಿಲ್ಲ.

“ಇವಕ್ಕ್ಯಾಕ ಕೆಂಪು ಬಟ್ಟಿ?”

ಶಿಕ್ಷಕರು ಅಧ್ಯಕ್ಷರ ಕಡೆ ನೋಡಿದರು. ಸಂಗನಬಸವರೇ ಮುಂದೆ ಬಂದರು. “ಪೂಜಾಕ್ಕಂತ ನಾನ ಒಂದು ಥಾನು ಕೆಂಪು ಬಟ್ಟಿ ಕೊಟ್ಟಿದ್ದೆ ರ‍್ರಿ. ಹಳೇವು ಹರದಿದ್ದುವು. ಎಲ್ಲಾಕ್ಕೂ ಹೊಸಾದು ಉಡಿಸಿದ್ರಾತು, ಚಂದ ಕಾಣತೈತಿ ಅಂದೆ.”

ಮೆಟ್ಟಿಲ ಮೇಲಿನಿಂದ ಪ್ರಭುಲಿಂಗಪ್ಪ ಎದ್ದು ಬಂದರು. ಬಿಚ್ಚಿದ ಗಂಟನ್ನು ನೋಡಿದರು, ಇನ್ನೊಂದನ್ನು ತಾವೇ ಬಿಚ್ಚಿ ನೋಡಿದರು. “ಎಲ್ಲಾಕ್ಕೂ ಕೆಂಪ ಹಾಕಿದ್ರ್ಯಾ?” ಎಂದು ಮೆಲ್ಲಗೆ ಕೇಳಿದರು. ಅಲ್ಲೇ ಕುಸಿದು ಕುಳಿತು ಹಣೆ ಹಣೆ ಬಡಿದುಕೊಂಡರು. ಶಿಕ್ಷಕರೆಲ್ಲ ಓಡಿ ಬಂದು ನೀರು ಕುಡಿಸಿದರು. ಜೀವಮಾನದ ಕೆಲಸ ಬೂದಿಯಾದವನ ಸಂಕಟ ಎಂದೇ ಎಲ್ಲರೂ ತಿಳಿದರು. ಅದು ಸುಳ್ಳೂ ಆಗಿರಲಿಲ್ಲ.

ಹೊರಡುವಾಗ ಸುವರ್ಣಾ ಪಡಸಾಲೆಯಲ್ಲಿ ತೂಗುಹಾಕಿದ್ದ ಕೆಂಪು ಬಕೆಟ್ಟುಗಳ ಬಳಿ ನಿಂತರು. ಕೆಲವನ್ನು ಬೆಂಕಿಗೆ ಸುರಿದಿದ್ದರು, ಎರಡು ಇನ್ನೂ ತುಂಬಿದ್ದವು. ನೀರು ತಿಳಿಯಾಗಿತ್ತು. ಒಂದು ತರಗೆಲೆ ಇಲ್ಲ, ಒಂದು ಹುಳ ಇಲ್ಲ. ಸರಕಾರಿ, ಅರೆಸರಕಾರಿ ಬಕೆಟ್ಟುಗಳು ಹೀಗಿರುವುದಿಲ್ಲ. ತಮ್ಮದೇ ಠಾಣೆಯ ಬಕೆಟ್ಟಿನಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿತ್ತು. ಅದರಲ್ಲಿದ್ದದ್ದು ಕನಕರಾಜನ ಎಲೆಅಡಿಕೆ ಉಗುಳು.

“ರಜಾದಾಗ ನೀರು ಯಾರು ತುಂಬಸ್ಯಾರ?”

“ದ್ಯಾವಪ್ಪ ಇರಬೇಕ್ರಿ,” ಎಂದರು ಕವಿತಾ.

ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇತ್ತು. ಅದರ ಹೊಟ್ಟೆಯ ಮೇಲೆ ವಿಭೂತಿಯ ಮೂರು ಪಟ್ಟಿ, ಕುಂಕುಮ. ಅದೂ ಒಂದು ಆಯುಧವಲ್ಲವೇ ಎಂದು ಪೂಜೆ ಮಾಡಿ, ಹಿಡಿಕೆಗೆ ಅರಿಷಿಣದ ಕೊಂಬು ಸೇರಿಸಿ ದಾರ ಬಿಗಿದು ಕಂಕಣ ಕಟ್ಟಿದ್ದರಂತೆ. ಈಗ ದಾರವಿರಲಿಲ್ಲ. ಬೆಂಕಿ ಕಂಡಾಗ ಸಿಲಿಂಡರ್ ಹಿಡಿದವರು ಕವಿತಾ ಅವರೇ.

“ದಾರ ನೀವು ಹರದ್ರ್ಯಾ?”

“ಇಲ್ರಿ. ಎತ್ತಿದೆ, ಒತ್ತಿದೆ, ಬಂತು. ದಾರದ ನೆನಪ ಆಗಲಿಲ್ಲ.”

ಯಾಸ್ಮಿನ ಹುಡುಕಿದಾಗ ಸಿಲಿಂಡರಿನ ಹಿಂದೆ ಕಂಕಣ ಸಿಕ್ಕಿತು. ಹರಿದದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಅದನ್ನೂ ಜಪ್ತಿ ಮಾಡಿ ಮೊಹರು ಹಾಕಿದರು.

ಸಂಗನಬಸವರ ಅನುಮಾನ ಮುಶಿಗೇರಿಯ ದುರ್ಗೇಶನ ಮೇಲಿತ್ತು. ತಮ್ಮನ ಟಿಸಿ ತಡವಾದುದಕ್ಕೆ ರಜೆಗೆ ಮುಂಚೆ ಬಂದು ‘ನಿಮ್ಮ ರಿಕಾರ್ಡಿಗೆ ಬೆಂಕಿ ಹಚ್ಚ’ ಎಂದು ಎಲ್ಲರ ಮುಂದೆ ಕೂಗಾಡಿದ್ದ. ನಮ್ಮ ಕಡೆ ಈ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ. ಆಡಿದವರನ್ನೆಲ್ಲ ಒಳಗೆ ಹಾಕಿದರೆ ಹೊರಗೆ ಉಳಿಯುವವರು ಯಾರು? ಆದರೂ ಕರೆಸಲೇಬೇಕಲ್ಲ.

“ಬೆಂಕಿ ಹಚ್ಚತೀನಿ ಅಂದಿದ್ದೇನು?”

“ಹಚ್ಚ ಅಂದೆ ರ‍್ರಿ, ಹಚ್ಚತೀನಿ ಅನ್ನಲಿಲ್ಲ. ನಮ್ಮವ್ವ ನನಗ ದಿನಾ ಅಂತಾಳ.”

“ಸೋಮವಾರ ಮುಂಜಾನಿ ಎಲ್ಲಿದ್ದಿ?”

“ನರೇಗಲ್ಲದಾಗ ಗೋವಿನಜೋಳದ ಮಷಿನ್ ಮ್ಯಾಲಿದ್ನಿರಿ. ಹೊಲದವರನ್ನ ಕೇಳ್ರಿ ಬೇಕಾದ್ರ. ಮೈ ತುಂಬ ಇನ್ನೂ ಧೂಳ ಐತಿ, ನೋಡ್ರಿಲ್ಲಿ.”

ಕನಕರಾಜ ನರೇಗಲ್ಲಿಗೆ ಹೋಗಿ ವಿಚಾರಿಸಿ ಬಂದ. ಖರೇ ಇತ್ತು. ದುರ್ಗೇಶನನ್ನು ಬಿಟ್ಟು ಕಳಿಸಿದರು.

ಮಂಗಳವಾರ ಸುವರ್ಣಾ ರೋಣದ ಆಸ್ಪತ್ರೆಗೆ ಹೋದರು. ದ್ಯಾವಪ್ಪನ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಹೆಂಡತಿ ಅಡಿವೆವ್ವ ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು. ಅವರದು ಪುರ್ತಗೇರಿ. ಅಡಿವೆವ್ವ ಕೂಲಿಗೆ ಹೋಗುತ್ತಾಳೆ, ದ್ಯಾವಪ್ಪ ಶಾಲೆಯಲ್ಲಿ ದಿನಗೂಲಿಯ ಸಿಪಾಯಿ. ಓದು ಬರಹ ಇಬ್ಬರಿಗೂ ಇಲ್ಲ. ಪೊಲೀಸರನ್ನು ಕಂಡು ದ್ಯಾವಪ್ಪ ಏಳಲು ಹೋದ.

“ಮಲಕೊ. ಖೋಲ್ಯಾಗ ಹೋದಾಗ ಏನ ನೋಡ್ದಿ?”

“ಹೊಗಿ ರ‍್ರಿ. ಸರ್ ಹೊರಗಿಂದ ಒದರಾಕತ್ತಿದ್ರು, ಕೆಂಪ ಗಂಟ ತೆಗಿ ದ್ಯಾವಪ್ಪಾ, ಕೆಂಪ ಗಂಟ ಅಂತ. ನೋಡತೀನಿ, ಎಲ್ಲಾ ಕೆಂಪ ಅದಾವು. ಎಲ್ಲಾ ಬೇಕಾದುವ ಇರಬೇಕು ಅಂತ ಕೈಗೆ ಸಿಕ್ಕಿದ್ದೆಲ್ಲಾ ತಂದೆ. ಕಡೀ ಸಲ ಹೋದಾಗ ಬಾಳೆಕಂಬ ಮೈಮ್ಯಾಲೆ ಬಿತ್ತು.”

“ಪೂಜಾ ದಿನ ನೀ ಇರಲಿಲ್ಲ?”

“ನಮ್ಮೂರಾಗಿದ್ನಿರಿ.”

“ಬಕೆಟ್ಟಿಗೆ ನೀರು ಯಾವಾಗ ತುಂಬಿದ್ದಿ?”

“ನಾ ತುಂಬಿಲ್ರಿ. ಸೋಮವಾರ ನಾ ಬರೂದ್ರಾಗ ತುಂಬಿದ್ದುವು. ಯಾರೋ ಪುಣ್ಯಾತ್ಮರು ತುಂಬ್ಯಾರ ಅನಕೊಂಡೆ. ಹಿಂದಿನ ಗೇಟೂ ತೆಗದಿತ್ತು.” ಆಮೇಲೆ ಅವನು ತಲೆ ಸ್ವಲ್ಪ ಎತ್ತಿದ. “ಅಕ್ಕಾರ, ಗಂಟು ತಂದೀನಲ್ರಿ. ನಮ್ಮ ಗೌತಮಿ ಹೆಸರಿನ ಬುಕ್ಕ ಅದರಾಗ ಐತಲ್ರಿ?”

ಮಂಚದ ಆ ಬದಿಯಲ್ಲಿ ನಿಂತಿದ್ದ ಗೌತಮಿ ಕಣ್ಣಲ್ಲೇ ಬೇಡ ಎಂದಳು. ‘ಇನ್ನೂ ನೋಡಾಕತ್ತೀವಿ’ ಎಂದು ಹೇಳಿ ಅವರು ಹೊರಗೆ ಬಂದರು. ಇಪ್ಪತ್ತು ವರ್ಷದ ಕೆಲಸದಲ್ಲಿ ಎಷ್ಟೋ ಸುಳ್ಳು ಕೇಳಿದವರಿಗೆ ಆ ಒಂದು ಸುಳ್ಳು ಹೇಳುವುದು ಕಷ್ಟವಾಯಿತು.

ಜೀಪಿನಲ್ಲಿ ಅವರು ಪಂಚನಾಮೆಯ ಪ್ರತಿಯನ್ನು ತಿರುವಿ ತಿರುವಿ ನೋಡಿದರು. ಕನಕರಾಜನಿಗೆ ತಡೆಯಲಾಗಲಿಲ್ಲ.

“ಏನ ಯೋಚನಿ ಮಾಡಾಕತ್ತೀರಿ ಮೇಡಂ?”

“ಬೆಂಕಿ ಹಚ್ಚೋ ಮನಷ್ಯಾ ನೀರು ತುಂಬಿಡತಾನೇನು ಕನಕರಾಜ?”

“ಹುಚ್ಚ ಇದ್ರ ಇಡತಾನ್ರಿ.”

“ಹುಚ್ಚ ಅಲ್ಲ. ದಾರ ಕತ್ತರಿಸ್ಯಾನ, ಗೇಟ್ ತೆಗದಾನ, ಬಕೆಟ್ ತುಂಬ್ಯಾನ. ಬೆಂಕಿ ಹತ್ತೂದಕ್ಕಿಂತ ಮೊದಲ ಆರಿಸೂ ತಯಾರಿ ಮಾಡ್ಯಾನ. ಆಟಾ ಮುಗಿಲಿ, ಮನಿ ಉಳೀಲಿ ಅನ್ನೂ ಮನಷ್ಯಾ ಅಂವ.”

ರಜೆಯಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಒಬ್ಬೊಬ್ಬರದಾಗಿ ತಾಳೆ ನೋಡುವುದು ಬಾಕಿಯಿತ್ತು. ಪೂಜೆಯ ದಿನ ಕ್ಲಾರ್ಕ್ ಪ್ರಭುಲಿಂಗಪ್ಪ ನರಗುಂದದಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದು ಹೇಳಿದ್ದರು. ಬುಧವಾರ ಸುವರ್ಣಾ ನರಗುಂದಕ್ಕೆ ಹೋದರು. ಅಕ್ಕ ಕಳಕವ್ವನ ಕಣ್ಣಿಗೆ ಆಪರೇಷನ್ ಆಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ತಮ್ಮ ರಜೆಯುದ್ದಕ್ಕೂ ಇಲ್ಲಿಯೇ ಇದ್ದ, ತಾಯಿ ಮಾಡಿದ ಹಾಗೆ ಮಾಡಿದ ಎಂದಳು. ಮಾತಿಗೆ ಮಾತು ಬಂದು ಹಳೆಯ ಸಂಗತಿಯೂ ಬಂತು.

“ಮೊದಲ ಇಲ್ಲೇ ಹೊಳಿದಂಡಿ ಊರಾಗ ಒಂದು ಸಾಲ್ಯಾಗಿದ್ನವ್ವಾ ಅಂವ. ಹದಿನೈದು ವರ್ಷದ ಹಿಂದ ಹೊಳಿ ಬಂತಲ್ಲ, ಸಾಲಿ ಪೂರಾ ಮುಳಗ್ತು. ರಜಿಸ್ಟರೆಲ್ಲಾ ಅಂಬಲಿ ಆಗಿದ್ದುವು. ಈ ಕಟ್ಟಿ ಮ್ಯಾಲ ಹಾಳಿ ಹಾಳಿ ಬಿಡಿಸಿ, ಇಸ್ತ್ರಿ ಹಾಕಿ ಒಣಗಿಸಿದಾ. ಒಂದೂ ಅಕ್ಷರ ಉಳೀಲಿಲ್ಲ. ಮಂಜು ಅನ್ನೋ ಹುಡುಗಗ ಪೊಲೀಸ್ ಕೆಲಸ ಬಂದಿತ್ತು, ಸಾಲಿ ಸರ್ಟಿಫಿಕೇಟ್ ಇಲ್ಲಂತ ಹೋತು. ಆ ಹುಡುಗ ಈಗ ಗೋವಾದಾಗ ಗ್ವಾಡಿ ಗಿಲಾಯಿ ಕೆಲಸ ಮಾಡತಾನ. ಅವತ್ತಿಂದ ನನ್ನ ತಮ್ಮಗ ನಿದ್ದಿ ಕಮ್ಮಿ. ಕಬ್ಬಿಣ ಕಪಾಟ ಕೊಡಸ್ರಿ, ನಕಲ ಮಾಡಸ್ರಿ ಅಂತ ಗಜೇಂದ್ರಗಡದಾಗ ಎಲ್ಲಾರ ಕಾಲಿಗೂ ಬಿದ್ದಾ. ಯಾರು ಕೇಳತಾರವ್ವಾ?”

ಸುವರ್ಣಾ ಅವಳು ಕೊಟ್ಟ ಚಹಾ ಕುಡಿದು ಎದ್ದರು. ಇನ್ನು ಯಾರನ್ನು ಕರೆಸಬೇಕು ಎಂಬುದು ಗೊತ್ತಾಗಿತ್ತು, ಗೊತ್ತಾಗದೇ ಇದ್ದರೆ ಚಲೋ ಇತ್ತು ಎಂದೂ ಅನ್ನಿಸಿತ್ತು.

ದಿನಾಂಕ 24ರಂದು ಬೆಳಗ್ಗೆ ಪ್ರಭುಲಿಂಗಪ್ಪರನ್ನು ಠಾಣೆಗೆ ಕರೆಸಲಾಯಿತು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಾಸ್ಮಿನ ಬರೆದುಕೊಳ್ಳಲು ಕುಳಿತಳು.

“ಸೋಮವಾರ ಸಾಲಿಗೆ ಎಷ್ಟಕ್ಕ ಬಂದ್ರಿ?”

“ಲಗೂನ ಬಂದಿದ್ನಿರಿ. ನಳ ಬರೂ ಹೊತ್ತಿಗೆ.”

“ಬಕೆಟ್ಟಿಗೆ ನೀರು ಯಾರು ತುಂಬಿದ್ರು?”

ಪ್ರಭುಲಿಂಗಪ್ಪ ಮೇಜಿನ ಮೇಲಿನ ಪೆನ್ನಿನ ಸ್ಟ್ಯಾಂಡನ್ನು ನೇರ ಮಾಡಿದರು. “ನಾನ ತುಂಬಿದ್ನಿರಿ.”

“ದಾರ?”

“ನಾನ ಕತ್ತರಿಸಿದೆ.”

“ಬೆಂಕಿ ಹತ್ತೂದಕ್ಕ ಮೊದಲ?”

“ಹೌದ್ರಿ.”

“ಬೆಂಕಿ ಹತ್ತತೈತಿ ಅಂತ ನಿಮಗ ಹ್ಯಾಂಗ ಗೊತ್ತಿತ್ರಿ ಸರ್?”

ಅವರು ಜೇಬಿನ ಎರಡೂ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಸರ್ ಎಂಬ ಮಾತು ತಮ್ಮ ಬಾಯಿಂದ ಹೇಗೆ ಬಂತೋ ಸುವರ್ಣಾರಿಗೇ ತಿಳಿಯಲಿಲ್ಲ. ಆರೋಪಿಗಳನ್ನು ಹಾಗೆ ಕರೆಯುವ ರೂಢಿ ಅವರಿಗಿರಲಿಲ್ಲ.

“ದ್ಯಾವಪ್ಪನ ಕೈ ಹ್ಯಾಂಗದಾವ್ರಿ?” ಎಂದು ಪ್ರಭುಲಿಂಗಪ್ಪ ಕೇಳಿದರು.

“ಬಲಗೈ ಬೆರಳು ಇನ್ನ ಮಡಚೂದು ಕಷ್ಟ ಅಂದಾರ ಡಾಕ್ಟರು.”

ಆಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಮುಚ್ಚಿಕೊಂಡು ಅತ್ತರು. ಕನಕರಾಜ ಕಿಟಕಿಯ ಕಡೆ ತಿರುಗಿದ. ಹೇಳಿಕೆ ಶುರುವಾದದ್ದು ಅದಾದ ಮೇಲೆ. ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ.

“ಹೆದರಿಸಬೇಕಂತ ಮಾಡಿದೆ ರ‍್ರಿ. ಸುಡಬೇಕಂತ ಅಲ್ಲ. ಪ್ರತಿ ಮೀಟಿಂಗಿನ್ಯಾಗ ಕೇಳತಿದ್ದೆ. ಒಂದು ಕಬ್ಬಿಣ ಕಪಾಟ, ಒಂದು ಸೆಟ್ ನಕಲ. ಏನಾಗತೈತ್ರಿ ಮಾಸ್ತರ, ಇಷ್ಟು ವರ್ಷ ಏನಾಗೇತಿ ಅಂತ ನಗತಿದ್ರು. ಅಧ್ಯಕ್ಷರು ಕಾಯಿ ಒಡ್ಯಾಕ ಬರೂ ಹೊತ್ತಿಗೆ ಸ್ವಲ್ಪ ಹೊಗಿ ಏಳಬೇಕು, ಅವರ ಕಣ್ಣಿಗೆ ಬೀಳಬೇಕು. ನೀರು ಐತಿ, ಸಿಲಿಂಡರ್ ಐತಿ. ಕಿಟಕಿ ಮೂಲ್ಯಾಗ ಹಳೇ ಉತ್ತರಪತ್ರಿಕೆ, ಕರೆಂಟ್ ಬಿಲ್ಲು, ಹೋದ್ರ ಹೋಗಲಿ. ಕೆಂಪು ಗಂಟು ಬಾಗಲ ಪಕ್ಕಕ್ಕ. ಕೀಲಿ ತೆಗದು ಅವನ್ನ ಹೊರಗ ಇಟ್ರ ಮುಗೀತು. ಮಕ್ಕಳನ್ನ ನಾನ ಮೈದಾನಕ್ಕ ಕಳಿಸಿದ್ದೆ.”

“ಆಮ್ಯಾಲೆ?”

“ಅಧ್ಯಕ್ಷರು ಬರಲಿಲ್ಲ. ಅಂಗಡ್ಯಾಗ ಮದವಿ ಜವಳಿ ಗಿರಾಕಿ ಇದ್ರಂತ. ನಾನು ಹಚ್ಚಿಬಿಟ್ಟಿದ್ದೆ. ಗಾಜಿನ ಪೆಟಗ್ಯಾಗ ಎರಡನೇ ಕೀಲಿಕೈ ತರ್ತೀನಿ ಅಂತ ಓಡಿದ್ರ ಪೆಟಗಿ ಖಾಲಿ. ಎರಡೂ ಕೀಲಿಕೈ ಪೂಜಿ ತಾಟಿನ್ಯಾಗ ಇಟ್ಟು ಒಯ್ದಿದ್ರು. ಅಷ್ಟರಾಗ ಎಣ್ಣಿಗೆ ಹತ್ತಿತ್ತು.”

“ಕಿಟಕಿಯೊಳಗ ಹಣಿಕಿ ನೋಡಲಿಲ್ಲೇನ್ರಿ ನೀವು?”

“ಕಿಟಕಿ ಎತ್ತರ ಐತ್ರಿ, ಕೈಯಷ್ಟ ಮುಟ್ಟತೈತಿ. ಮತ್ತ ನೋಡೂದೇನಿತ್ತು? ಯಾವ ಮೂಲ್ಯಾಗ ಏನೈತಿ ಅಂತ ಕಣ್ಣ ಮುಚ್ಚಿ ಹೇಳತಿದ್ದೆ. ನಾನ ಇಟ್ಟದ್ದು.” ಅವರು ಸ್ವಲ್ಪ ತಡೆದರು. “ಪೂಜಿ ದಿನ ಒಂದ ದಿನ ನಾ ಇರಲಿಲ್ರಿ. ಒಂದ ದಿನ.”

“ಕೆಂಪು ಅಂದ್ರ ಏನು, ಬಿಳಿ ಅಂದ್ರ ಏನು, ಉಳದವರಿಗೆ ತಿಳಿಸಿ ಹೇಳಿದ್ರ್ಯಾ?”

“ಗೋಡೆಗೆ ಬರದು ಹಚ್ಚಿದ್ನಲ್ರಿ.” ಹೇಳಿದವರೇ ಮತ್ತೆ ತಲೆ ಅಲ್ಲಾಡಿಸಿದರು. “ಓದತಾರ ಅಂತ ತಿಳದಿದ್ದೆ.”

ದೇವರಿಗೆ ಹತ್ತಿರ ಇರಲಿ ಎಂದು ಪೂಜೆ ಮಾಡಿದವರೆಲ್ಲ ರಜಿಸ್ಟರುಗಳನ್ನು ಮೂಲೆಗೆ ಒಯ್ದರು, ಚಂದ ಕಾಣಲಿ ಎಂದು ಬಿಲ್ಲುಗಳಿಗೆ ಕೆಂಪು ಉಡಿಸಿ ಬಾಗಿಲ ಪಕ್ಕ ಇಟ್ಟರು. ಯಾರೂ ಕೆಡುಕು ಬಯಸಿದವರಲ್ಲ. ಬೆಂಕಿ ಹಚ್ಚಿದವನೂ ಬಯಸಿರಲಿಲ್ಲ. ಇಂಥ ಕೇಸಿನಲ್ಲಿ ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದೇ ತಿಳಿಯದೆ ಸುವರ್ಣಾ ಯಾಸ್ಮಿನಳ ಮೇಲೆ, ಅಕ್ಷರ ಸಣ್ಣದಾಯಿತು ಎಂದು, ಸುಮ್ಮನೆ ರೇಗಿದರು.

ಬಂಧನದ ಪಂಚನಾಮೆಗೆ ಸಹಿ ಹಾಕುವ ಮೊದಲು ಪ್ರಭುಲಿಂಗಪ್ಪ ಅದನ್ನು ಪೂರ್ತಿ ಓದಿದರು. ದಿನಾಂಕ ಒಂದು ಕಡೆ ತಪ್ಪಾಗಿದೆ ಎಂದು ತೋರಿಸಿದರು. ತಿದ್ದಿಸಿ ಸಹಿ ಹಾಕಿದರು.

ರೋಣದ ನ್ಯಾಯಾಲಯಕ್ಕೆ ಹಾಜರುಪಡಿಸುವ ಮುಂಚೆ ವೈದ್ಯಕೀಯ ತಪಾಸಣೆ ಆಗಬೇಕು. ಅದಕ್ಕೆ ಹೋಗಬೇಕಾದದ್ದೂ ಅದೇ ತಾಲೂಕು ಆಸ್ಪತ್ರೆಗೆ. ತಪಾಸಣೆ ಮುಗಿಸಿ ಹೊರಬರುವಾಗ ಪಡಸಾಲೆಯಲ್ಲಿ ಗೌತಮಿ ತಂದೆಯನ್ನು ಮೆಲ್ಲಗೆ ನಡೆಸುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಬೆಳಿಗ್ಗೆಯೇ ಊರೆಲ್ಲ ಹಬ್ಬಿದ ಸುದ್ದಿ, ದ್ಯಾವಪ್ಪನೊಬ್ಬನಿಗೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ. ಪ್ರಭುಲಿಂಗಪ್ಪರ ಪಕ್ಕದ ಪೊಲೀಸರನ್ನು ಕಂಡರೂ ಅವನಿಗೆ ಏನೂ ಹೊಳೆಯಲಿಲ್ಲ. ತನ್ನನ್ನು ನೋಡಲು ಬಂದರೆಂದೇ ತಿಳಿದು ಮುಖ ಅರಳಿಸಿದ.

“ಸರ, ನೀವ್ಯಾಕ ಬರಾಕ ಹೋದ್ರಿ? ನಂಗೇನಾಗಿಲ್ರಿ.” ಬ್ಯಾಂಡೇಜಿನ ಕೈ ಎತ್ತಿ ತೋರಿಸಿದ. “ನೀವು ಹೇಳಿದಂಗ ಕೆಂಪ ಗಂಟ ತಂದೀನ್ರಿ ಸರ. ಒಂದೂ ಬಿಳಿದು ಮುಟ್ಟಿಲ್ಲ. ಗೌತಮಿ ಹೆಸರು ಅದರಾಗ ಐತಲ್ರಿ?”

ಪ್ರಭುಲಿಂಗಪ್ಪರ ತುಟಿ ಅಲುಗಿತು. ಇಡೀ ಜೀವಮಾನದಲ್ಲಿ ಒಂದು ತಪ್ಪು ಅಕ್ಷರವನ್ನು ರಜಿಸ್ಟರಿಗೆ ಹೋಗಗೊಡದ ಮನುಷ್ಯ. ನಿಜ ಹೇಳುತ್ತಾರೆಂದು ಸುವರ್ಣಾರಿಗೆ ಖಾತ್ರಿಯಾಯಿತು.

“ಐತಪಾ,” ಎಂದಳು ಗೌತಮಿ ಅಷ್ಟರಲ್ಲಿ. “ಅದರಾಗ ಐತಿ. ನಾ ನೋಡೀನಿ. ನಡಿ, ನಿಂತ್ರ ತಲಿ ತಿರಗತೈತಿ ನಿನಗ.”

ಪ್ರಭುಲಿಂಗಪ್ಪ ಅವಳನ್ನು ನೋಡಿದರು. “ಎಂಟನೇ ಇಯತ್ತೆಗೆ ನೀ ಹೆಸರು ಹಚ್ಚಿದ ದಿನಾ ನೆನಪೈತಿ ನಂಗ,” ಎಂದರು ಮೆಲ್ಲಗೆ. “ಎಲ್ಲಾ ನೆನಪೈತಿ ತಂಗಿ. ಆದ್ರ ನನ್ನ ನೆನಪಿಗೆ ಸಾಲಿ ಸಹಿ-ಶಿಕ್ಕಾ ಬೀಳೂದಿಲ್ಲ.”

ಅವಳು ಸಿಟ್ಟು ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಂದೆಯ ಸೊಂಟ ಹಿಡಿದು ವಾರ್ಡಿನೊಳಗೆ ಹೋದಳು.

ಇಪ್ಪತ್ತೆಂಟರಂದು ಗೌತಮಿ ಎಫ್‌ಐಆರ್ ಮತ್ತು ಪಂಚನಾಮೆಯ ಪ್ರತಿ ಹಿಡಿದು ಬೆಂಗಳೂರಿಗೆ ಹೋದಳು. ಸುವರ್ಣಾ ತಮ್ಮ ಕಡೆಯಿಂದ ಒಂದು ಪತ್ರವನ್ನೂ ಕೊಟ್ಟಿದ್ದರು. ಅಲ್ಲಿಯವರು ಮರ್ಯಾದೆಯಿಂದ ಓದಿದರು, ಪಾಪ ಎಂದರು. ಪ್ರಮಾಣ ಪತ್ರವಿಲ್ಲದೆ ಕನ್ನಡ ಮಾಧ್ಯಮದ ಮೀಸಲಾತಿಯಲ್ಲಿ ಆಗುವುದಿಲ್ಲ ಎಂದು ಪಟ್ಟಿಯಲ್ಲಿದ್ದ ಮುಂದಿನ ಹೆಸರು ಕರೆದರು. ಬಿಇಓ ಕಚೇರಿಯ ವಿಚಾರಣೆ ನಡೆದು ಹೊಸ ರಜಿಸ್ಟರು ಕಟ್ಟುವುದಕ್ಕೆ ಇನ್ನೂ ತಿಂಗಳುಗಳು ಬೇಕು. ಆರ್ಡರು ಪೋಸ್ಟಿನಲ್ಲಿ ಬರುತ್ತದೆ ಎಂದು ಗೌತಮಿ ಮನೆಯಲ್ಲಿ ಹೇಳಿದ್ದಾಳೆ. ದ್ಯಾವಪ್ಪ ಪೋಸ್ಟಿನವನ ದಾರಿ ಕಾಯುತ್ತಾನೆ. ಹಿರೇಬಾವಿ ಶಾಲೆಗೆ ಸಂಗನಬಸವರು ನವೆಂಬರಿನಲ್ಲಿ ದೊಡ್ಡದೊಂದು ಕಬ್ಬಿಣದ ಕಪಾಟು ಕೊಡಿಸಿದರು. ಅದರೊಳಗೆ ಇಡಲು ಸದ್ಯಕ್ಕೆ ಏನೂ ಇಲ್ಲ.

ದೋಷಾರೋಪ ಪಟ್ಟಿ ಸಲ್ಲಿಸುವ ಮುನ್ನ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಜಪ್ತಿ ಸಾಮಾನುಗಳನ್ನು ಸರಿಪಡಿಸುತ್ತಿದ್ದರು. ದ್ಯಾವಪ್ಪ ತಂದ ಗಂಟುಗಳು ಅಲ್ಲಿದ್ದವು. ಬಟ್ಟೆಯ ಒಂದು ಬದಿ ಸುಟ್ಟು ಕರಿದಾಗಿತ್ತು.

“ಹರದಾವ್ರಿ ಇವು,” ಎಂದ ಕನಕರಾಜ. “ಬರೇ ಕರೆಂಟ್ ಬಿಲ್ಲು. ಬಿಳಿ ಬಟ್ಟಿ ಸುತ್ತಿ ಇಡ್ಲೇನ್ರಿ?”

ಸುವರ್ಣಾ ಬಾಗಿಲಲ್ಲಿ ನಿಂತು ಅವನ್ನೇ ನೋಡಿದರು.

“ಬ್ಯಾಡ. ಕೆಂಪ ಇರಲಿ,” ಎಂದರು. “ಅಂವ ಮಗಳ ಹೆಸರು ಅದರಾಗೈತಿ ಅಂತ ತಂದಾನ.”

ಕನಕರಾಜ ಗಂಟುಗಳನ್ನು ಎತ್ತಿ ಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟ. ಆಮೇಲೆ ಹೊರಗೆ ಹೋಗಿ ಠಾಣೆಯ ಕೆಂಪು ಬಕೆಟ್ಟು ತೊಳೆದ.